ಪಂಚಮಿಗೆ ಬಂದ ಅಕ್ಕಿ ಚೀಲ

ನನ್ನ ಸಿಟ್ಟು ಬೇಗ ಇಳಿಯುವ ಜಾತಿಯದಲ್ಲ. ಒದರಾಡಿ, ಪಾತ್ರೆ ಎಸೆದು, ಸಂಜೆಗೆ ನಗುತ್ತ ಚಹಾ ಕುಡಿಯುವವರನ್ನು ಕಂಡರೆ ನನಗೆ ಸೋಜಿಗವಾಗುತ್ತದೆ. ನನ್ನದು ಬೂದಿ ಮುಚ್ಚಿಕೊಂಡು ಕೂರುವ ಸಿಟ್ಟು. ಅದನ್ನು ಒಂದು ವರ್ಷ ಪೂರ್ತಿ ಆರಗೊಡದೆ ಇಟ್ಟುಕೊಂಡ ಕಥೆ ಇದು. ಒಡಹುಟ್ಟಿದವನ ಮೇಲೆ ಇಷ್ಟು ಹಗೆಯೇ ಅಂತ ಮುಖ ಹಿಂಡುವವರು ಇಲ್ಲಿಗೇ ಓದು ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ.

ಗಂಡ ಸತ್ತ ಮೇಲೆ ನಾನು ತವರಿಗೆ ಬಂದೆ. ಮಕ್ಕಳಿರಲಿಲ್ಲ. ತವರು ಅಂದರೆ ಆ ಹೊತ್ತಿಗೆ ಅಣ್ಣನ ಮನೆ. ರಾಯಚೂರಿನ ಗಂಜ್ ಹತ್ತಿರ, ಅವನದೇ ಅಕ್ಕಿ ಗಿರಣಿಯ ಸದ್ದು ಕೇಳುವಷ್ಟು ದೂರದಲ್ಲಿ. ಅಣ್ಣ ಪೂಜೆ ಮುಗಿಯದೆ ನೀರು ಮುಟ್ಟದವ, ಹಣೆಯ ತುಂಬ ವಿಭೂತಿ. ಊರಿಗೆಲ್ಲ ಅನ್ನ ಹಾಕುವವನು ನಾನು ಅನ್ನುವ ಮಾತು ದಿನಕ್ಕೊಮ್ಮೆಯಾದರೂ ಅವನ ಬಾಯಲ್ಲಿ ಬರಬೇಕು. ಆದರೆ ಆ ಅನ್ನ ಅವನಿಗೇ ಒಗ್ಗದು. ಸಕ್ಕರೆ ಕಾಯಿಲೆ ಬಂದು ಡಾಕ್ಟರು ಅನ್ನ ಬಿಡಿಸಿದ್ದರು. ಎರಡೂ ಹೊತ್ತು ಬಿಸಿ ಜೋಳದ ರೊಟ್ಟಿಯೇ ಆಗಬೇಕು. ಅತ್ತಿಗೆಗೆ ರೊಟ್ಟಿ ಬಡಿಯಲು ಬಾರದು, ಸೊಸೆಯಂದಿರಿಗೆ ಚಪಾತಿ ಲಟ್ಟಿಸುವುದಷ್ಟೇ ಗೊತ್ತು. ಹೀಗಾಗಿ ಬಡಿಯುವವಳು ನಾನೇ. ಅಷ್ಟು ವರ್ಷ ಬಡಿದು ಹಾಕಿದೆನಲ್ಲ, ಒಂದು ದಿನ ‘ಚಲೋ ಆಗ್ಯದ’ ಅಂದವನಲ್ಲ. ರೊಟ್ಟಿ ಸ್ವಲ್ಪ ದಪ್ಪವಾದರೆ, ಒಂದು ಅಂಚು ಹಸಿ ಉಳಿದರೆ, ಬೈಯುತ್ತಲೂ ಇರಲಿಲ್ಲ. ಒಂದು ತುತ್ತು ಮುರಿದು ಬಾಯಿಗಿಟ್ಟು, ಎಡಗೈಯಿಂದ ತಟ್ಟೆಯನ್ನು ಆಚೆ ಸರಿಸುತ್ತಿದ್ದ. ನಾನು ಮತ್ತೆ ಹಿಟ್ಟಿಗೆ ಕೈ ಹಾಕುತ್ತಿದ್ದೆ.

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಹಿತ್ತಲಲ್ಲಿ ಒಂದು ಮಂಚ ಹಾಕುವಷ್ಟು ನೆಲ. ಅದರಲ್ಲಿ ಪುಂಡಿ ಸೊಪ್ಪು, ಮೆಣಸಿನ ಗಿಡ, ಗೋಡೆಗೆ ಹಬ್ಬಿದ ಹಾಗಲ ಬಳ್ಳಿ, ಮೂಲೆಗೊಂದು ಕರಿಬೇವು. ಬೆಳಿಗ್ಗೆ ಎದ್ದು ಅಲ್ಲಿ ಕೂತರೆ ನನಗೆ ಯಾರೂ ಬೇಕಾಗುತ್ತಿರಲಿಲ್ಲ. ಒಂದು ಚಳಿಗಾಲದಲ್ಲಿ ಬಳಗದವರ ಮದುವೆಗೆಂದು ಮಾನವಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಹಿತ್ತಲಿಗೆಲ್ಲ ಕಾಂಕ್ರೀಟ್ ಹಾಕಿಸಿದ್ದರು. ಗೋಡೆಯ ಮೇಲೆ ಹಾಗಲ ಬಳ್ಳಿ ಇನ್ನೂ ಹಸಿರಾಗಿಯೇ ಇತ್ತು, ಕೆಳಗೆ ಬುಡವಿರಲಿಲ್ಲ.

ಅಣ್ಣ ಊಟಕ್ಕೆ ಕೂತಿದ್ದ. ಗಿರಣಿಯ ಗುಮಾಸ್ತರೂ ಯಾವುದೋ ಕೆಲಸಕ್ಕೆ ಬಂದು ಅಲ್ಲೇ ನಿಂತಿದ್ದರು. ನಾನು ಚೀಲವನ್ನು ಕೂಡ ಕೆಳಗಿಡದೆ ಕೇಳಿದೆ.

"ಯಾರ್ನ ಕೇಳಿ ಮುಚ್ಚಿಸಿದಿ?"

"ನನ್ನ ಜಾಗಾ ಮುಚ್ಚಾಕ ನಾ ಯಾರ್ನ ಕೇಳ್ಬೇಕು? ಮಗನ ಕಾರ್ ನಿಲ್ಸಾಕ ಜಾಗಾ ಬೇಕಾಗಿತ್ತು."

"ನನ್ನ ಗಿಡ ಇದ್ದವು ಅಲ್ಲಿ!"

"ಎರಡ್ ಪುಂಡಿ ಕಡ್ಡಿ ಹೋದ್ರ ಇಷ್ಟ್ ಒದರಾಕತ್ತೀ? ನಿನ್ನ ಹೆಸರಿಗೆ ಇಲ್ಲಿ ಏನದ? ನಮ್ಮನಿ ಅನ್ನ ಒಂದ್ ತಿಂಗಳ ನಿಂತ್ರ ಗೊತ್ತಾಗ್ತದ ನಿನಗ. ಬಾಲ ಮುದುರ್ಕೊಂಡ್ ಬರ್ತಿ."

ಅತ್ತಿಗೆ ಕಿಸಕ್ಕನೆ ನಕ್ಕಳು. ಆ ನಗು ಇಲ್ಲದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ನಗು ಕೇಳಿದ ಮೇಲೆ ಆಗಲಿಲ್ಲ. ಅಪ್ಪನ ಹೊಲಗಳ ಮೇಲೆ ನನ್ನ ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಸಹಿ ಮಾಡು ಅಂತ ಅಣ್ಣ ಬಹಳ ದಿನದಿಂದ ಬೆನ್ನು ಹತ್ತಿದ್ದ. ನಾನು ಏನೋ ಒಂದು ನೆಪ ಹೇಳಿ ಮುಂದೆ ಹಾಕುತ್ತಿದ್ದೆ. ಅದೇ ಎಳೆ ಹಿಡಿದೆ.

"ಅಪ್ಪನ ಮೂರು ಹೊಲದಾಗ ನನಗ ಒಂದ್ ಕೊಡು. ನಾ ಅಲ್ಲೇ ಹೋಗಿ ಇರ್ತೀನಿ. ಈ ಉಗಾದಿಯಿಂದ ಬರೋ ಉಗಾದಿ ತನಕ. ನಿನ್ನ ಮನಿ ಒಂದ್ ಕಾಳ್ ಮುಟ್ಟಂಗಿಲ್ಲ. ಉಳದ್ರ ಆ ಹೊಲ ನನ್ನ ಹೆಸರಿಗೆ ಬರದು ಕೊಡು. ನಡುವ ತಿರುಗಿ ಬಂದ್ರ, ನಿನ್ನ ಒಂದ್ ಕಾಳ್ ತಿಂದ್ರ, ಮೂರಕ್ಕೂ ಸಹಿ ಹಾಕ್ತೀನಿ. ಮತ್ತ ಸಾಯೋ ತನಕ ನಿಮ್ಮ ಒಲಿ ಮುಂದ ಕುಂದರ್ತೀನಿ."

"ಬರಾಬರ್ ಹೇಳಿದಿ," ಅಂದ ಅಣ್ಣ. ಅವನಿಗೆ ಖುಷಿಯೇ ಆಗಿತ್ತು.

"ಇನ್ನೊಂದ್ ಮಾತು. ಆ ಮನಿ ಕಾಳು ಈ ಮನಿಗೂ ಬರಂಗಿಲ್ಲ."

"ನಿನ್ನ ಹತ್ರ ಕೊಡಾಕ ಏನಿರ್ತದ ಬೇ!" ಅಂತ ನಕ್ಕು, ಉಳಿದ ರೊಟ್ಟಿಯನ್ನು ಪಲ್ಯೆಗೆ ಒರೆಸಿಕೊಂಡು ತಿಂದ. ಗುಮಾಸ್ತರು ಸಾಕ್ಷಿಯಾದರು.

ಕೋರ್ಟಿಗೆ ಹೋಗಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು ಅಂತ ಈಗಲೂ ನನಗೆ ಬುದ್ಧಿ ಹೇಳುವವರಿದ್ದಾರೆ. ಸಿಗುತ್ತಿತ್ತು, ನನಗೂ ಗೊತ್ತು. ಆದರೆ ಕೋರ್ಟು ಹೊಲ ಕೊಡುತ್ತದೆ, ಸೋತವನ ಮುಖವನ್ನು ತಂದು ನನ್ನ ಅಂಗಳದಲ್ಲಿ ಕೂರಿಸುವುದಿಲ್ಲ. ನನಗೆ ಆ ಮುಖ ಬೇಕಾಗಿತ್ತು.

ಉಗಾದಿಗೆ ಇನ್ನೂ ಎರಡು ತಿಂಗಳಿತ್ತು. ಮೂರರಲ್ಲಿ ಯಾವ ಹೊಲ ಅನ್ನುವುದನ್ನು ನಾನೇ ತೀರ್ಮಾನಿಸಬೇಕಿತ್ತು. ಹೊಲ ನೋಡಲು ಹೋಗುವ ಗಂಡಸರು ಮೊದಲು ಕಾಲುವೆ ನೋಡುತ್ತಾರೆ, ಆಮೇಲೆ ರಸ್ತೆ ನೋಡುತ್ತಾರೆ, ಆಮೇಲೆ ಎಕರೆಗೆ ಎಷ್ಟು ಅಂತ ಕೇಳುತ್ತಾರೆ. ನನಗೆ ಬೇಕಾದದ್ದು ಬೇರೆ. ಅಂಗಡಿ ಮುಚ್ಚಿದ ದಿನ ಇಲ್ಲಿ ಏನು ತಿನ್ನುವುದು? ಒಲೆಗೆ ಏನು ಹಾಕುವುದು? ಬಿದ್ದರೆ ಎತ್ತುವವರು ಯಾರು? ಒಂದು ಹಿಡಿ ತೊಗರಿಬೇಳೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡೆ, ಒಂದು ಸಣ್ಣ ಬೋಗುಣಿ ಚೀಲಕ್ಕೆ ಹಾಕಿಕೊಂಡೆ. ನೀರಿನ ಹಣೆಬರಹ ಬೇಳೆಗೆ ಗೊತ್ತಾಗುವಷ್ಟು ನಾಲಿಗೆಗೆ ಗೊತ್ತಾಗುವುದಿಲ್ಲ. ಸವುಳು ನೀರಿನಲ್ಲಿ ತೊಗರಿ ಎಷ್ಟು ಕುದಿಸಿದರೂ ಕರಗದು.

ಮೊದಲು ಯರಗೇರಾ. ಅಲ್ಲಿ ನಮ್ಮದು ರಸ್ತೆ ಬದಿಯ ಸಣ್ಣ ತುಂಡು, ಅತ್ತಿಗೆಯ ಕಣ್ಣು ಇದ್ದದ್ದೂ ಅದರ ಮೇಲೆಯೇ. ಬಸ್ಸಿಳಿದು ಹೊಲದ ಪಕ್ಕದ ಮನೆಗೆ ಹೋಗಿ, "ಯವ್ವಾ, ಒಂದಿಷ್ಟ್ ಒಲಿ ಕೊಡ್ತೀಯೇನು, ಬೇಳಿ ಬೇಯಸ್ಕೋತೀನಿ" ಅಂದೆ.

"ಒಲಿ ಯಾರ ಮನ್ಯಾಗ ಅದರೀ ಈಗ? ಗ್ಯಾಸ್ ಅದ. ಅದೂ ಖಾಲಿ ಆಗ್ಯದ, ರಾಯಚೂರಿಂದ ಬರ್ಬೇಕು," ಅಂದಳು ಆಕೆ.

ಕುಡಿಯಲು ನೀರು ಕೊಟ್ಟಳು, ಕ್ಯಾನಿನದು. ಅದೂ ರಾಯಚೂರಿನದು. ಮನೆಯ ಮುಂದಿನ ಕೋಣೆಗಳಲ್ಲಿ ಓದುವ ಹುಡುಗರು ಬಾಡಿಗೆಗಿದ್ದರು. ಹಾಲು ಪ್ಯಾಕೆಟ್ಟಿನದು, ತರಕಾರಿ ಬಸ್ಸಿನದು. ಆಕೆ ಒಳ್ಳೆಯ ಹೆಂಗಸೇ, ಚಹಾ ಕುಡಿಸಿಯೇ ಕಳಿಸಿದಳು. ಆದರೆ ನಾನು ಯಾವ ಊರಿನಿಂದ ತಪ್ಪಿಸಿಕೊಳ್ಳಬೇಕೋ ಅದೇ ಊರು ಅಲ್ಲಿ ಬಂದು ಕೂತಿತ್ತು. ಅದೂ ಅಲ್ಲದೆ ಅಣ್ಣನ ಕಾರು ಅರ್ಧ ತಾಸಿನಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಬೇಳೆ ಗಂಟು ಬಿಚ್ಚದೆ ತಿರುಗಿ ಬಂದೆ.

ಎರಡನೆಯದು ಪೋತ್ನಾಳದ ಕಾಲುವೆ ಹೊಲ. ಅಪ್ಪನ ಆಸ್ತಿಯಲ್ಲಿ ಬೆಲೆ ಬಾಳುವುದು ಅದೇ. ಬಸ್ಸಿನಲ್ಲಿ ಜೊತೆಗೆ ಕೂತ ಮುದುಕರೊಬ್ಬರಿಗೆ ವಿಷಯ ಹೇಳಿದರೆ, "ಕಣ್ಣು ಮುಚ್ಚಿ ಅದನ್ನ ತಗೋ ಯವ್ವಾ, ಭತ್ತದ ನೆಲ" ಅಂದರು. ಹಿರೇಕೊಟ್ನೆಕಲ್ಲಿನಲ್ಲಿ ಇಳಿದು ಹೋಗುವವರೆಗೂ ಅದನ್ನೇ ಹೇಳಿದರು. ನೋಡಲು ನಿಜಕ್ಕೂ ಚೆಂದ, ಕಣ್ಣು ಹಾಯಿಸಿದಷ್ಟೂ ಹಸಿರು. ಬದುವಿನ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಒಲೆಗೆ ಕಡ್ಡಿ ಹುಡುಕಿದರೆ ಒಂದು ಗಿಡವೂ ಇಲ್ಲ. ನೆರಳು ಬಿದ್ದರೆ ಭತ್ತ ಕುಗ್ಗುತ್ತದೆ ಅಂತ ಬದುವಿನ ಜಾಲಿ, ಬೇವು ಎಲ್ಲ ಕಡಿಸಿದ್ದರು. ಒಣ ಹುಲ್ಲನ್ನೇ ಹಚ್ಚಿ, ನಮ್ಮ ಹೊಲದ ಬೋರಿನ ನೀರಲ್ಲಿ ಬೇಳೆ ಹಾಕಿದೆ. ಕುದಿಯಿತು, ಕುಣಿಯಿತು, ನೊರೆ ಬಂತು. ಹೊತ್ತು ನೆತ್ತಿಗೇರಿದರೂ ಬೇಳೆ ಬೇಳೆಯಾಗಿಯೇ ಇತ್ತು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು.

"ಯಕ್ಕಾ, ಕಲ್ಲ್ ಕುದಸಾಕತ್ತೀಯೇನು?"

"ನೀವು ಕುಡಿಯೋ ನೀರು ಎಲ್ಲಿಂದ ತರ್ತೀರಿ?"

"ಕಾಲುವಿ ಬಿಟ್ಟಾಗ ಕೆರಿ ತುಂಬ್ತದ, ಅದ್ನೇ ಕುಡೀತೀವಿ. ಬಂದ್ ಆದ್ರ ಟ್ಯಾಂಕರ್ ದಾರಿ ಕಾಯೋದು."

ಕೋಳಿ ಸಾಕುತ್ತೀರಾ ಅಂತ ಕೇಳಿದೆ. ಭತ್ತಕ್ಕೆ ಔಷಧ ಹೊಡೆದಾಗ ಕಾಳು ತಿಂದು ಸಾಯುತ್ತವೆ, ಅದಕ್ಕೇ ಬಿಟ್ಟೆವು ಅಂದಳು. ಕಾಯಿಪಲ್ಯೆ ಮಾನವಿ ಸಂತೆಯಿಂದ ಬರುತ್ತದಂತೆ. ಹೊಲದ ತಗ್ಗಿನ ಮೂಲೆಯಲ್ಲಿ ನೆಲ ಬಿಳಿ ಬಿಳಿಯಾಗಿ ಉಪ್ಪು ಕಾರಿತ್ತು. ಇಷ್ಟೊಂದು ಅಕ್ಕಿ ಬೆಳೆಯುವ ನೆಲದಲ್ಲಿ ನಿಂತು ಒಂದು ಹೊತ್ತಿನ ಸಾರು ಮಾಡಿಕೊಳ್ಳಲು ನನ್ನ ಕೈಲಾಗಲಿಲ್ಲ. ಅಪ್ಪ ಹೋದ ಮೇಲೆ ಅಣ್ಣ ಹೆಮ್ಮೆಯಿಂದ ಎಲ್ಲರಿಗೂ ತೋರಿಸುತ್ತಿದ್ದ ಹೊಲ ಅದು. ಬೋಗುಣಿಯ ನೀರನ್ನು ಅಲ್ಲೇ ಚೆಲ್ಲಿದೆ.

ಮೂರನೆಯದು ದೇವದುರ್ಗದ ಕಡೆ. ಅದನ್ನು ನಮ್ಮ ಮನೆಯಲ್ಲಿ ಹೊಲ ಅಂತಲೇ ಕರೆಯುತ್ತಿರಲಿಲ್ಲ, ದಿನ್ನಿ ಅನ್ನುತ್ತಿದ್ದರು. ದೇವದುರ್ಗದಲ್ಲಿ ಬಸ್ಸಿಳಿದು, ಟಂಟಂ ಆಟೊ ಹತ್ತಿ, ಅದು ಬಿಟ್ಟ ಮೇಲೆ ನಡೆದು ಹೋಗಬೇಕು. ಕಾಲುವೆಗಿಂತ ಎತ್ತರದ ಕೆಂಪು ಗರಸು ಕಲ್ಲುಮಣ್ಣಿನ ದಿಬ್ಬ. ಕೆಳಗೆ ಸೆರಗಿನಷ್ಟು ಕಪ್ಪು ನೆಲ. ದಿಬ್ಬದ ಮೇಲೆ ಬೇವು, ಹುಣಸೆ, ಮೇಲ್ಛಾವಣಿ ಬಿದ್ದ ಕಲ್ಲಿನ ಕೋಣೆ, ಅಪ್ಪ ತೋಡಿಸಿದ ಮೆಟ್ಟಿಲ ಬಾವಿ. ಬಾವಿಯಲ್ಲಿ ಎಲೆ ಬಿದ್ದು ನೀರು ಕಪ್ಪಾಗಿತ್ತು, ಆದರೂ ಸೋಸಿ ಒಲೆಗೇರಿಸಿದೆ. ಕಟ್ಟಿಗೆಯನ್ನು ಹುಡುಕಬೇಕಾಗಿಯೇ ಬರಲಿಲ್ಲ. ನಾನು ಬಾವಿಯ ಸುತ್ತ ಎದ್ದಿದ್ದ ಹಕ್ಕರಕಿ ಸೊಪ್ಪು ಕಿತ್ತು ತರುವಷ್ಟರಲ್ಲಿ ಬೇಳೆ ಬೆಣ್ಣೆಯಂತೆ ಕರಗಿ ಕೂತಿತ್ತು.

ಇನ್ನೊಂದು ಪರೀಕ್ಷೆ ಉಳಿದಿತ್ತು. ಸುತ್ತ ನೋಡಿದೆ, ಯಾರೂ ಕಾಣಲಿಲ್ಲ. ದಿಬ್ಬದ ತುದಿಗೆ ಹೋಗಿ ಗಂಟಲು ಹರಿಯುವ ಹಾಗೆ ಕಿರುಚಿದೆ.

"ಯವ್ವಾ! ಸತ್ತೆನೋ! ಬರ್ರ್ಯೋ!"

ಕೆಳಗಿನ ಹಳ್ಳದ ಆಚೆಯಿಂದ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಕೋಲು ಹಿಡಿದು ಓಡಿ ಬಂದಳು. ಹಿಂದೆ ಎರಡು ನಾಯಿ. ಕುರಿಗಾರರ ಮನೆಯವಳು, ನನ್ನದೇ ವಯಸ್ಸು.

"ಏನಾತಬೇ? ಹಾವ? ಎಲ್ಲದ?"

"ಏನೂ ಇಲ್ಲ. ಒದರಿದ್ರ ಯಾರರ ಬರ್ತಾರೇನು ಅಂತ ನೋಡಿದೆ."

ಆಕೆ ಏದುಸಿರು ಬಿಡುತ್ತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಬೈಯಲು ಶುರು ಮಾಡಿದಳು. ನನ್ನ ವಂಶವನ್ನೂ ನನ್ನ ತಲೆಯೊಳಗಿನ ಮಣ್ಣನ್ನೂ ಬಿಡಲಿಲ್ಲ. "ಓಡಿ ಬರೂದ್ರಾಗ ಎದಿ ಒಡದು ಸತ್ತಿದ್ರ ನಿನ್ನ ಅಪ್ಪ ಬರ್ತಿದ್ನೇನು ನನ್ನ ಕುರಿ ಕಾಯಾಕ? ಹಾಳಾಗಿ ಹೋಗು ನೀ!" ಬೈದು ದಣಿದ ಮೇಲೆ, ಕೂತು ನನ್ನ ಬೇಳೆ ಸಾರನ್ನು ಅರ್ಧ ಕುಡಿದಳು. ನನಗೆ ಅವತ್ತು ಆದಷ್ಟು ಸಮಾಧಾನ ಬಹಳ ವರ್ಷದಿಂದ ಆಗಿರಲಿಲ್ಲ.

ದಿನ್ನಿ ಬೇಕು ಅಂದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಪೋತ್ನಾಳ ಬಿಟ್ಟು ದಿನ್ನಿ? ಅಲ್ಲಿ ಒಂದ್ ಕಾಳ್ ಅಕ್ಕಿ ಹುಟ್ಟಂಗಿಲ್ಲಲೇ! ಏನ್ ತಿಂತಿ, ಗರಸ?" ಅವನ ಲೆಕ್ಕದಲ್ಲಿ ಅಕ್ಕಿ ಹುಟ್ಟದ ಕಡೆ ಮನುಷ್ಯರು ಹುಟ್ಟುವುದಿಲ್ಲ. ದಿನಕ್ಕೆರಡು ಸಲ ಜೋಳ ತಿನ್ನುವವನಿಗೆ ಜೋಳ ಎಲ್ಲಿ ಬೆಳೆಯುತ್ತದೆ ಅನ್ನುವುದು ನೆನಪಾಗಲಿಲ್ಲ. ನಾನೂ ನೆನಪಿಸಲಿಲ್ಲ.

ನನ್ನ ಬಂಗಾರದ ಬಳೆ ಮಾರಿ ಕೋಣೆಗೆ ತಗಡು ಹಾಕಿಸಿದೆ, ಬಾವಿ ತೆಗೆಸಿದೆ, ಒಂದು ಆಡು, ನಾಲ್ಕು ಕೋಳಿ, ಬೀಸುವ ಕಲ್ಲು ತಂದೆ. ಉಗಾದಿಯ ದಿನ ಬೆಳಿಗ್ಗೆ ಒಲೆ ಹೊತ್ತಿಸಿದೆ. ಬೇಸಿಗೆ ಬಂದು ಕಾಲುವೆ ಬಂದಾಯಿತು. ಆಗ ಬಯಲಿನ ಕಡೆ ಕುರಿ ಹೊಡೆದುಕೊಂಡು ಹೋಗಿದ್ದ ಕುರಿಗಾರರೆಲ್ಲ ಸಿಹಿನೀರು ಹುಡುಕಿಕೊಂಡು ದಿನ್ನಿಗೆ ತಿರುಗಿದರು. ನಮ್ಮ ಕಡೆ ಕುರಿ ಹಿಂಡನ್ನು ರಾತ್ರಿ ಹೊಲದಲ್ಲಿ ಕೂಡಿಸುವ ರೂಢಿ ಇದೆ. ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಗೊಬ್ಬರ, ಅದಕ್ಕೆ ಬದಲಾಗಿ ಹೊಲದವರು ಕುರಿಗಾರರಿಗೆ ಕಾಳು ಅಳೆದು ಕೊಡಬೇಕು. ನನ್ನ ಹತ್ತಿರ ಕಾಳೆಲ್ಲಿಂದ ಬರಬೇಕು? ನನ್ನನ್ನು ಬೈದಿದ್ದ ಅದೇ ಕುರಿಗಾರತಿ ದಾರಿ ಹೇಳಿದಳು.

"ನಿನಗ ಕಾಳಿಲ್ಲ, ನನಗ ರಟ್ಟ್ಯಾಗ ಬಲ ಇಲ್ಲ. ತಿರುಗಾಡೋ ಮಂದಿಗೆ ಎಷ್ಟಂತ ಬಡೀಲಿ? ಜೋಳ ನಾ ತರ್ತೀನಿ, ಕಟಕ ರೊಟ್ಟಿ ನೀ ಬಡದು ಕೊಡು. ಕಾಲು ಪಾಲು ಹಿಟ್ಟು ನಿಂದು. ಕುರಿ ನಿನ್ನ ಹೊಲದಾಗ ಮಲಗ್ತಾವ."

ಹಾಗೆ ಅಣ್ಣನ ಮನೆಯಲ್ಲಿ ಕಲಿತ ಊಳಿಗವೇ ನನ್ನ ಕೈಹಿಡಿಯಿತು. ತಿಂಗಳಾದರೂ ಕೆಡದ ಒಣ ರೊಟ್ಟಿಯನ್ನು ಅಡ್ಡಣಿಗೆಯ ಮೇಲೆ ಗೋಪುರದಂತೆ ಒಟ್ಟಿ ಅರಿವೆಯಲ್ಲಿ ಕಟ್ಟಿ ಕೊಡುತ್ತಿದ್ದೆ. ಪ್ರತಿ ರೊಟ್ಟಿಯನ್ನೂ ಅಣ್ಣನ ಬೆನ್ನಿಗೆ ಬಡಿಯುತ್ತಿದ್ದೇನೆ ಅಂದುಕೊಂಡೇ ಬಡಿಯುತ್ತಿದ್ದೆ. ಅದಕ್ಕೇ ಇರಬೇಕು, ರೊಟ್ಟಿ ಬಹಳ ತೆಳ್ಳಗೆ ಬರುತ್ತಿದ್ದವು. ಹಿಂಡು ಮೂರು ವಾರ ನನ್ನ ಹೊಲದಲ್ಲಿ ಮಲಗಿ ಎದ್ದಿತು. ಮಳೆ ಬಿದ್ದ ಮೇಲೆ ದಿಬ್ಬಕ್ಕೆ ಸಜ್ಜೆ, ಅದರ ನಡುವೆ ತೊಗರಿ ಹಾಕಿದೆ.

ಕಷ್ಟ ಬಂದದ್ದು ಶ್ರಾವಣದಲ್ಲಿ. ಕುರಿಗಾರರ ಗಂಡಸರು ಹಿಂಡು ಹೊಡೆದುಕೊಂಡು ದೂರ ಹೋಗಿದ್ದರು, ರೊಟ್ಟಿ ಕೇಳುವವರಿಲ್ಲ. ಸಜ್ಜೆ ಇನ್ನೂ ಮೊಳಕಾಲುದ್ದ. ಹಿಟ್ಟಿನ ಗಡಿಗೆಯ ತಳ ಕಾಣುತ್ತಿತ್ತು. ಅಂಥ ಹೊತ್ತು ನೋಡಿಯೇ ನಾಗರಪಂಚಮಿಯ ಹಿಂದಿನ ದಿನ ಗಿರಣಿಯ ಟೆಂಪೋ ಡ್ರೈವರ್ ಒಂದು ಚೀಲ ಅಕ್ಕಿ ಹೊತ್ತು ತಂದು ಬಾಗಿಲಲ್ಲಿ ಇಳಿಸಿದ.

"ಅಣ್ಣಾರು ಪಂಚಮಿಗೆ ಕಳ್ಸ್ಯಾರ್ರಿ. ತಂಗಿಗೆ ಮುಟ್ಟಿಸಿ ಬಾ ಅಂದ್ರು."

ಎಂಥ ಬುದ್ಧಿವಂತ ನೋಡಿ. ಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ. ಅಣ್ಣ ಕಳಿಸಿದ ಪಂಚಮಿ ಉಡುಗೊರೆಯನ್ನು ತಂಗಿ ತಿರುಗಿ ಕಳಿಸಿದರೆ ಅಣ್ಣ ಸತ್ತ ಅಂದ ಹಾಗೆ. ಬಳಗದಲ್ಲಿ ಯಾರೂ ನನ್ನ ಮುಖ ನೋಡುವುದಿಲ್ಲ. ಇಟ್ಟುಕೊಂಡು ತಿಂದರೆ ಪಣ ಹೋಯಿತು, ಮೂರು ಹೊಲವೂ ಹೋಯಿತು, ಮತ್ತೆ ಅವನ ಒಲೆ. ವರ್ಷಗಟ್ಟಲೆ ಪಂಚಮಿಗೆ ಒಂದು ಕುಪ್ಪಸದ ಬಟ್ಟೆ ಕೊಡದವನಿಗೆ ಈಗ ತಂಗಿ ನೆನಪಾಗಿದ್ದಳು. ಮೈಯೆಲ್ಲ ಉರಿಯಿತು ನನಗೆ.

ತಿರುಗಿ ಕಳಿಸಲಿಲ್ಲ. ಬಿಚ್ಚಲೂ ಇಲ್ಲ. ಡ್ರೈವರನ ಕೈಯಿಂದಲೇ ಎರಡು ಹಾಸುಗಲ್ಲು ಇಡಿಸಿ, ಅದರ ಮೇಲೆ ಚೀಲ ಕೂರಿಸಿದೆ. ಇಲಿ ಕಡಿದರೂ ನಾನೇ ತಿಂದೆ ಅನ್ನುವ ಪೈಕಿ ನಮ್ಮಣ್ಣ. ಬಂದವರು ಕೂರಲು ಅದೇ ಆಸನವಾಯಿತು. ಎಲ್ಲರಿಗೂ ಗಿರಣಿಯ ಹೊಲಿಗೆ ತೋರಿಸಿ ಆಮೇಲೆ ಕೂರಿಸುತ್ತಿದ್ದೆ. ಕುರಿಗಾರತಿಗಂತೂ ಅದು ದಿನದ ಚೇಷ್ಟೆಯಾಯಿತು.

"ಸಾಕಾಗೇದ ಯಕ್ಕಾ, ನಿಮ್ಮಣ್ಣನ ಮ್ಯಾಲ ಸ್ವಲ್ಪ ಕುಂದ್ರತೀನಿ!"

"ಕುಂದ್ರು, ಕುಂದ್ರು. ಭಾಳ ಗಟ್ಟಿಮುಟ್ಟು ಅದಾನ."

ನಗುವುದೇನೋ ನಗುತ್ತಿದ್ದೆವು. ಆದರೆ ಜಡಿಮಳೆ ಹಿಡಿದು ಹೊರಗೆ ಕಾಲಿಡಲಾಗದ ಒಂದು ಮಧ್ಯಾಹ್ನ, ಗಡಿಗೆ ಪೂರ್ತಿ ಖಾಲಿಯಾಗಿತ್ತು. ಹಿಂದಿನ ದಿನದಿಂದ ಬರೀ ಸೊಪ್ಪು ಬೇಯಿಸಿ ತಿಂದಿದ್ದೆ. ಹಳ್ಳ ತುಂಬಿ ಹರಿಯುತ್ತಿತ್ತು, ಕೂಗಿದರೂ ಆಚೆಯವಳು ದಾಟಿ ಬರುವಂತಿರಲಿಲ್ಲ. ಚೀಲ ಕಣ್ಣ ಮುಂದೆ. ಆ ಚೀಲಗಳ ಹೊಲಿಗೆ ಹೇಗಿರುತ್ತದೆ ಅಂದರೆ ಒಂದು ತುದಿಯ ದಾರ ಎಳೆದರೆ ಸರ್ರನೆ ಪೂರ್ತಿ ಬಾಯಿ ಬಿಚ್ಚುತ್ತದೆ. ನನಗೆ ಗೊತ್ತಿಲ್ಲದೆ ಕೈ ಆ ದಾರ ಹಿಡಿದಿತ್ತು. ಒಂದು ಹಿಡಿ, ಒಂದೇ ಹಿಡಿ, ಯಾರು ನೋಡುತ್ತಾರೆ? ಹೊಟ್ಟೆ ಹಾಗೆ ಮಾತಾಡುತ್ತದೆ. ಅಷ್ಟರಲ್ಲಿ ಅತ್ತಿಗೆಯ ಕಿಸಕ್ಕನೆ ನಗು ಕಿವಿಯಲ್ಲಿ ಕೇಳಿದಂತಾಯಿತು. ದಾರದ ತುದಿಗೆ ಗಂಟು ಹಾಕಿದೆ, ಅದರ ಮೇಲೆ ಇನ್ನೊಂದು ಗಂಟು ಹಾಕಿದೆ. ಆಡಿನ ಹಾಲು ಕುಡಿದು, ಅಣ್ಣನನ್ನು ಬಾಯಿ ತುಂಬ ಬೈದು ಮಲಗಿದೆ. ಎರಡು ದಿನಕ್ಕೆ ಹಳ್ಳ ಇಳಿಯಿತು. ಕೋಳಿ ಮಾರಿ ದೇವದುರ್ಗದ ಸಂತೆಯಿಂದ ಜೋಳ ತಂದೆ.

ಆಮೇಲೆ ದಾರಿ ಸುಗಮವಾಯಿತು. ಸಜ್ಜೆ ಬಂತು. ಕುರಿ ಮಲಗಿದ ನೆಲ, ತೆನೆ ನೋಡಿದವರು ನಿಂತು ಕೇಳುವಂತಿತ್ತು. ಕೆಳಗಿನ ಕಪ್ಪು ನೆಲಕ್ಕೆ ಬಿಳಿಜೋಳ ಬಿತ್ತಿದೆ. ದಸರೆಯ ಹೊತ್ತಿಗೆ ಅತ್ತಿಗೆಯ ಫೋನು ಬಂತು, ಧ್ವನಿಯಲ್ಲಿ ಬೆಣ್ಣೆ.

"ಆರಾಮ್ ಅದೀಯಿಲ್ಲ? ನಿಮ್ಮಣ್ಣಗ ಸಕ್ಕರಿ ಭಾಳ ಏರ್ಯಾದ. ಚಪಾತಿ ಒಲ್ಲೆ ಅಂತಾರ, ಅಂಗಡಿ ರೊಟ್ಟಿ ಬಾಯಿಗಿಡಂಗಿಲ್ಲ. ಕದ್ದು ಅನ್ನ ತಿನ್ನಾಕತ್ಯಾರ. ನೀ ವಾರಕ್ಕೊಮ್ಮಿ ಬಸ್ಸಿನ್ಯಾಗ ನಾಕ್ ರೊಟ್ಟಿ ಕಳಸ್ಬಾರ್ದೇನು?"

"ಕಳಸ್ತಿದ್ದೆ ಅತ್ತಿಗಿ. ಆದ್ರ ಆ ಮನಿ ಕಾಳು ಈ ಮನಿಗೆ ಬರಂಗಿಲ್ಲ ಅಂತ ಮಾತಾಗ್ಯದಲ್ಲ. ಗುಮಾಸ್ತರ್ನ ಕೇಳು."

ಫೋನಿಟ್ಟು ಬಾವಿಕಟ್ಟೆಯ ಮೇಲೆ ಕೂತು ಮನಸಾರೆ ನಕ್ಕೆ. ಪಾಪ ಅನ್ನಿಸಲಿಲ್ಲವೇ ಅಂದರೆ, ಇಲ್ಲ, ಅನ್ನಿಸಲಿಲ್ಲ.

ಮುಂದಿನ ಉಗಾದಿಗೆ ಅಣ್ಣ ಬಂದ. ಕಾರು ದಿಬ್ಬ ಹತ್ತದೆ, ಕೆಳಗೇ ಬಿಟ್ಟು ನಡೆದು ಬಂದ. ಬಿಳಿ ಅಂಗಿ ಮೈಗೆ ದೊಡ್ಡದಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಕೈಯಲ್ಲಿ ಕಾಗದದ ಲಕೋಟೆ. ಕೂರು ಅಂತ ಚೀಲ ತೋರಿಸಿದೆ. ಕೂರುವ ಮೊದಲು ಬಗ್ಗಿ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದ, ಈ ತುದಿಯಿಂದ ಆ ತುದಿಯವರೆಗೆ. ಗಂಟಿನ ಹತ್ತಿರ ಬೆರಳು ನಿಂತಿತು. ಗಿರಣಿಯವನಿಗೆ ಹೇಳಬೇಕೇ? ಆ ಗಂಟು ಯಾರು ಹಾಕಿದ್ದು, ಯಾವ ಹೊತ್ತಿನಲ್ಲಿ ಹಾಕಿದ್ದು ಅನ್ನುವುದು ಅವನಿಗೆ ತಿಳಿಯಿತು. ಚೀಲದ ಮೇಲೆ ಕೂತ.

ಕಾಗದ ಓದಿದೆ, ದಿನ್ನಿ ನನ್ನ ಹೆಸರಿಗೆ. ಅವನ ಸಹಿ ಆಗಿತ್ತು. ನೋಂದಣಿಗೆ ಯಾವಾಗ ಬರಬೇಕು ಅಂತಲೂ ಹೇಳಿದ. ಒಳಗೆ ಇಟ್ಟು ಬಂದೆ. ಅವನು ಏಳಲಿಲ್ಲ. ಒಲೆಯ ಕಡೆ ನೋಡುತ್ತಿದ್ದ.

"ಊಟ ಆಗ್ಯದೇನು?" ಅಂದೆ.

"ಇಲ್ಲ."

"ಅನ್ನ ಬೇಕಂದ್ರ ನಿನ್ನ ಚೀಲ ಅದ."

"ಅನ್ನ ತಿನ್ನಂಗಿಲ್ಲಲ್ಲ ನಾನು." ನೆಲ ನೋಡುತ್ತ ಅಂದ, "ರೊಟ್ಟಿ ಇದ್ರ ಒಂದ್ ಕೊಡು."

ಒಂದು ವರ್ಷ ನಾನು ಕಾದದ್ದು ಈ ಮಾತಿಗೆ. ಹೊಲಕ್ಕಲ್ಲ, ಕಾಗದಕ್ಕಲ್ಲ.

"ಹಿಟ್ಟು ಆ ಗಡಿಗ್ಯಾಗ ಅದ. ಬಾವಿ ಅಲ್ಲದ, ಕಟ್ಟಿಗಿ ಇಲ್ಲದ. ಬಡ್ಕೊಂಡ್ ತಿನ್ನು."

ನನ್ನ ಮುಖ ನೋಡಿದ. ನಾನು ಚೇಷ್ಟೆ ಮಾಡುತ್ತಿಲ್ಲ ಅಂತ ಗೊತ್ತಾಯಿತು. ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಿದ್ದರೂ ನನಗೆ ಸಂತೋಷವೇ. ಹೋಗಲಿಲ್ಲ. ಹಸಿವು ಅಷ್ಟಿತ್ತೋ, ಇನ್ನೇನಿತ್ತೋ. ಅಂಗಿಯ ತೋಳು ಮಡಿಚಿ, ಬಾವಿಯ ಮೆಟ್ಟಿಲಿಳಿದು ನೀರು ತಂದ. ತಣ್ಣೀರಿನಲ್ಲಿ ಹಿಟ್ಟು ಕಲಸಿದ, ಅದು ಒಡೆದು ಕೈಗೆ ಬರಲಿಲ್ಲ. ಮುಖವೆತ್ತಿ ನೋಡಿದ. "ನೀರು ಕುದಿಬೇಕು," ಅಂದೆ, ಅಷ್ಟೇ. ನೀರು ಕುದಿಸಲು ಒಲೆ ಊದಿ ವಿಭೂತಿಯ ಮೇಲೆ ಮಸಿ ಬಳಿದುಕೊಂಡ. ಮತ್ತೆ ಕಲಸಿದ, ಬಡಿದ, ಎತ್ತುವಾಗ ಹರಿಯಿತು. ಮತ್ತೆ ಉಂಡೆ ಮಾಡಿದ. ಹೊಲದ ಕಡೆಯಿಂದ ಬಂದ ಕುರಿಗಾರತಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. "ಯಾರಬೇ ಇವ್ರು, ಹೊಸಾ ಆಳ?" ಅಂದಳು.

"ನಮ್ಮಣ್ಣ. ನೀ ದಿನಾ ಕುಂದ್ರತಿದ್ದಿಯಲ್ಲ, ಅವನೇ."

ಆಕೆ ನಾಲಿಗೆ ಕಚ್ಚಿಕೊಂಡು ಓಡಿಹೋದಳು. ಅಣ್ಣನಿಗೆ ಅದೇನೆಂದು ತಿಳಿಯಲಿಲ್ಲ, ಕೇಳಲೂ ಇಲ್ಲ. ಅವನ ಲಕ್ಷ್ಯವೆಲ್ಲ ಹಂಚಿನ ಮೇಲಿತ್ತು. ಕೊನೆಗೂ ಒಂದು ರೊಟ್ಟಿ ಇಡಿಯಾಗಿ ಎದ್ದು ಬಂತು, ಒಂದು ಕಡೆ ದಪ್ಪ, ಒಂದು ಕಡೆ ತೂತು. ಅದನ್ನು ತಟ್ಟೆಗೆ ಹಾಕಿಕೊಂಡು ಕೂತ. ತಿನ್ನುತ್ತಾನೆ ಅಂದುಕೊಂಡರೆ, ಯಾಕೋ ಹಾಗೇ ನೋಡಿ, ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ನನ್ನ ಮುಂದೆ ಇಟ್ಟ.

"ಮೊದಲ ನೀ ತಿಂದು ನೋಡು," ಅಂದ. "ಹಿತ್ತಲದಾಗಿನ ಕಾಂಕ್ರೀಟ್ ಒಡಸ್ತೀನಿ. ಮನಿಗೆ ಬಾ."

ನಾನು ಒಲೆ ಮುಂದೆ ಕೂತಂದಿನಿಂದ ಇನ್ನೊಬ್ಬರು ಬಡಿದ ರೊಟ್ಟಿ ನನ್ನ ಮುಂದೆ ಬಂದದ್ದು ಅದೇ ಮೊದಲು. ಒಂದು ತುತ್ತು ಮುರಿದೆ. ಬೆಳಿಗ್ಗೆ ನಾನೇ ಮಾಡಿಟ್ಟಿದ್ದ ಪುಂಡಿ ಪಲ್ಯೆಗೆ ಒತ್ತಿ ಬಾಯಿಗಿಟ್ಟೆ. ನಿಧಾನವಾಗಿ ಅಗಿದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಅಂಚು ಹಸಿ ಉಳಿದಿತ್ತು.

ಎಡಗೈಯಿಂದ ತಟ್ಟೆ ಆಚೆ ಸರಿಸಿದೆ.

ಅವನಿಗೆ ಅರ್ಥವಾಯಿತು. ಸರಿಸಿದ ತಟ್ಟೆಯನ್ನು ಬಹಳ ಹೊತ್ತು ನೋಡುತ್ತ ಕೂತ. ಆಮೇಲೆ ತೋಳು ಇನ್ನಷ್ಟು ಮೇಲಕ್ಕೆ ಮಡಿಚಿ, ಮತ್ತೆ ಹಿಟ್ಟಿಗೆ ಕೈ ಹಾಕಿದ.